ಬಣ್ಣದ ಕೆಳಗಿನ ಕೆಲಸ



ಹಬ್ಬ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತೇರು, ಬ್ಯಾಂಡು, ಹೊಸ ಬಟ್ಟೆ, ಮನೆ ತುಂಬ ನೆಂಟರು. ಜಪಾನ್ ದೇಶದಲ್ಲಿ ವರ್ಷಕ್ಕೆ ಎರಡು ಬಾರಿ, ಚಳಿಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಬೇರೊಂದು ಬಗೆಯ ಹಬ್ಬ ಸೇರುತ್ತದೆ. ಅದರ ಹೆಸರು ವಂಡರ್ ಫೆಸ್ಟಿವಲ್. ಟೋಕಿಯೋ ಪಕ್ಕದ ಚಿಬಾ ಪ್ರಾಂತ್ಯದಲ್ಲಿರುವ ಮಕುಹಾರಿ ಮೆಸ್ಸೆ ಎಂಬ ವಿಶಾಲ ಸಭಾಂಗಣಗಳಲ್ಲಿ 2009ರಿಂದ ಇದು ನಡೆದುಬಂದಿದೆ. ಅಲ್ಲಿ ತೇರಿಲ್ಲ. ಸಾಲು ಸಾಲಾಗಿ ಮೇಜುಗಳಿವೆ. ಮೇಜಿನ ಹಿಂದೆ ಕುಳಿತವರಲ್ಲಿ ಬಹಳ ಮಂದಿ ವೃತ್ತಿಯಿಂದ ವ್ಯಾಪಾರಿಗಳಲ್ಲ. ವಾರವಿಡೀ ಬೇರೆ ಕೆಲಸ ಮಾಡಿ, ರಾತ್ರಿ ತಮ್ಮ ಮನೆಯ ಮೂಲೆಯಲ್ಲಿ ಕುಳಿತು ಕೈಯಾರೆ ಮಾಡಿದ್ದನ್ನು ಆ ಒಂದು ದಿನ ಜನರ ಮುಂದೆ ಇಡುವವರು. ಅವರ ಮುಂದಿರುವ ರಟ್ಟಿನ ಪೆಟ್ಟಿಗೆಯನ್ನು ತೆರೆದರೆ ಒಳಗೆ ದಂತದ ಬಣ್ಣದ ಅಥವಾ ಬೂದು ಬಣ್ಣದ ಬಿಡಿಬಿಡಿ ತುಂಡುಗಳು. ಒಂದು ಮೊಣಕಾಲು, ಒಂದು ಭುಜ, ಬೆರಳುಗಳು, ತಲೆ. ಎಲ್ಲವನ್ನೂ ಜೋಡಿಸಿ ಬಣ್ಣ ಹಚ್ಚಿದರೆ ಒಂದು ರೋಬೋಟ್. ರೆಸಿನ್‌ನಿಂದ ಎರಕ ಹೊಯ್ದ ಇಂತಹ ಬಿಡಿಭಾಗಗಳ ಪೆಟ್ಟಿಗೆಯನ್ನು ಗ್ಯಾರೇಜ್ ಕಿಟ್ ಎನ್ನುತ್ತಾರೆ.

ಆಟಿಕೆಯ ಮಾತು ಇಲ್ಲಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಮನೆಯಲ್ಲಿ ಮಗನೋ ಮಗಳೋ ಕೋಣೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಒಂದು ತುಂಡನ್ನು ಉಜ್ಜುತ್ತ ಕುಳಿತರೆ, ಹೆತ್ತವರಿಗೆ ಅದು ಹೊತ್ತು ಕಳೆಯುವ ಹುಚ್ಚಾಗಿ ಕಾಣುವುದು ಸಹಜವೇ. ಆದರೆ ನಾವು ಈ ಕೆಲಸವನ್ನು ಹತ್ತಿರದಿಂದ ನೋಡುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜನ ಮೆಚ್ಚುವುದು ಬಣ್ಣವನ್ನು. ಕೆಲಸ ಇರುವುದೆಲ್ಲ ಬಣ್ಣದ ಕೆಳಗೆ. ಆ ಕೆಲಸದಲ್ಲಿ ಅರ್ಧ ನಾವು ಎಂದೂ ನೋಡದ ಇನ್ನೊಬ್ಬರದು.

ಹಿನ್ನೆಲೆ ಸ್ವಲ್ಪ ಹೇಳಬೇಕು. 1979ರ ಏಪ್ರಿಲ್‌ನಲ್ಲಿ ಜಪಾನಿನ ಟಿ.ವಿ.ಯಲ್ಲಿ 'ಮೊಬೈಲ್ ಸೂಟ್ ಗಂಡಮ್' ಎಂಬ ಕಾರ್ಟೂನ್ ಧಾರಾವಾಹಿ ಆರಂಭವಾಯಿತು. ಮೊದಲು ಅದನ್ನು ನೋಡುವವರು ಸಾಕಷ್ಟು ಇರಲಿಲ್ಲ. 43 ಕಂತುಗಳಿಗೇ ಅದನ್ನು ಮುಗಿಸಿಬಿಟ್ಟರು. ಮುಗಿದ ಮೇಲೆ, 1980ರ ಜುಲೈನಲ್ಲಿ, ಬಂಡಾಯ್ ಎಂಬ ಕಂಪನಿ ಅದರ ರೋಬೋಟನ್ನು ಪ್ಲಾಸ್ಟಿಕ್ ಕಿಟ್ ಆಗಿ 300 ಯೆನ್‌ಗೆ ಮಾರಾಟಕ್ಕೆ ತಂದಿತು. ಕಥೆಯಲ್ಲಿ 18 ಮೀಟರ್ ಎತ್ತರದ ರೋಬೋಟ್. 144ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದಾಗ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅಂಗೈಯಲ್ಲಿ ನಿಲ್ಲುವಷ್ಟು. ಮಕ್ಕಳು ಅಂಗಡಿಗಳ ಮುಂದೆ ಸಾಲುಗಟ್ಟಿದರು.

ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅದರೊಳಗೆ ನುಗ್ಗಿಸುತ್ತಾರೆ. ಅಂತಹ ಒಂದು ಅಚ್ಚು ಲಕ್ಷಗಟ್ಟಲೆ ಪ್ರತಿಗಳನ್ನು ಕೊಡುತ್ತದೆ, ಆದರೆ ಅದನ್ನು ಕೊರೆಸುವ ಖರ್ಚು ಬಹಳ. ಹಾಗಾಗಿ ಕಂಪನಿಗಳು ಹೆಚ್ಚು ಮಾರಾಟವಾಗುವ ರೋಬೋಟುಗಳನ್ನಷ್ಟೇ ಮಾಡುತ್ತಿದ್ದವು. ಯಾರೂ ಕೇಳದ, ಮೂವತ್ತು ಮಂದಿ ಮಾತ್ರ ಪ್ರೀತಿಸುವ ರೋಬೋಟನ್ನು ಮಾಡುವವರು ಯಾರು? ಆ ಮೂವತ್ತು ಮಂದಿಯಲ್ಲಿ ಒಬ್ಬ. ಗ್ಯಾರೇಜ್ ಕಿಟ್ ಹುಟ್ಟಿದ್ದು ಹೀಗೆ, 1980ರ ದಶಕದ ಆರಂಭದಲ್ಲಿ. ಒಸಾಕಾದಲ್ಲಿ 1982ರಲ್ಲಿ ತೆರೆದ ಜನರಲ್ ಪ್ರಾಡಕ್ಟ್ಸ್ ಎಂಬ ಅಂಗಡಿಯವರು ವಂಡರ್ ಫೆಸ್ಟಿವಲನ್ನು ಆರಂಭಿಸಿದರು. 1992ರಿಂದ ಅದರ ಹೊಣೆ ಹೊತ್ತದ್ದು ಕೈಯೋಡೋ ಎಂಬ ಸಂಸ್ಥೆ. ಈ ಕೈಯೋಡೋ 1964ರಲ್ಲಿ ಒಸಾಕಾ ಪ್ರಾಂತ್ಯದ ಮೊರಿಗುಚಿಯಲ್ಲಿ ಐವತ್ತು ಚದರ ಅಡಿ ಜಾಗದಲ್ಲಿ ಶುರುವಾದ ಪುಟ್ಟ ಅಂಗಡಿ. ಸ್ಥಾಪಕರಾದ ಮಿಯಾವಾಕಿ ಒಸಾಮು ಅವರಿಗೆ ಉದೋನ್ ಎಂಬ ಶ್ಯಾವಿಗೆಯ ಹೋಟೆಲ್ ಇಡುವುದೋ ಮಾದರಿಗಳ ಅಂಗಡಿ ಇಡುವುದೋ ಎಂಬ ಸಂದೇಹವಿತ್ತಂತೆ. ಮರದ ಕತ್ತಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದು ಬಿದ್ದ ದಿಕ್ಕನ್ನು ನೋಡಿ ತೀರ್ಮಾನಿಸಿದರೆಂದು ಕಥೆ ಹೇಳುತ್ತಾರೆ. ಹಾಗೆ ತೀರ್ಮಾನಿಸಿರೆಂದು ಯುವಜನರಿಗೆ ನಾವು ಹೇಳುವುದಿಲ್ಲ, ಬಿಡಿ!

ಈಗ ಪೆಟ್ಟಿಗೆಯೊಳಗಿನ ತುಂಡಿಗೆ ಬರೋಣ. ಅದು ಹೇಗೆ ಬಂತು? ಮೊದಲು ಒಬ್ಬರು ಮೂಲ ಮಾದರಿಯನ್ನು ಮಾಡಬೇಕು. ಪುಟ್ಟಿ, ಪ್ಲಾಸ್ಟಿಕ್ ಹಾಳೆ, ಚಾಕು, ಅರ, ಇವೇ ಬಹುಕಾಲದ ಸಾಧನಗಳು. ಈಗ ಕಂಪ್ಯೂಟರಿನಲ್ಲಿ ರಚಿಸಿ ಮುದ್ರಿಸುವವರು ಬಹಳ ಮಂದಿ ಇದ್ದಾರೆ. ಆದರೂ ಮುದ್ರಣದ ಗೆರೆಗಳನ್ನು ಕೈಯಿಂದಲೇ ಉಜ್ಜಿ ತೆಗೆಯಬೇಕು. ಮನುಷ್ಯ ರೂಪವಾದರೆ ಒಂದು ಕೆನ್ನೆ ಕೂದಲೆಳೆಯಷ್ಟು ಉಬ್ಬಿದ್ದರೂ ಯಾರಿಗೂ ಕಾಣದು. ರೋಬೋಟ್ ಹಾಗಲ್ಲ. ಅದು ಯಂತ್ರ. ಎಡ ಭುಜ ಬಲ ಭುಜದಂತೆಯೇ ಇರಬೇಕು, ಅಂಚು ನೇರವಾಗಿರಬೇಕು, ಸಮತಟ್ಟು ಎಂದರೆ ಸಮತಟ್ಟೇ ಆಗಿರಬೇಕು. ಇಂತಹ ಮಾದರಿಗೆ ತಿಂಗಳುಗಳೇ ಹಿಡಿಯುತ್ತವೆ.

ಮಾದರಿ ಸಿದ್ಧವಾದ ಮೇಲೆ ಪ್ರತಿಯೊಂದು ಭಾಗವನ್ನೂ ಅರ್ಧದವರೆಗೆ ಜೇಡಿಯಲ್ಲಿ ಹೂತು, ಸುತ್ತ ಗೋಡೆ ಕಟ್ಟಿ, ಮೇಲೆ ಸಿಲಿಕೋನ್ ರಬ್ಬರ್ ಸುರಿಯುತ್ತಾರೆ. ಗೋಡೆಗೆ ಮಕ್ಕಳ ಆಟದ ಲೆಗೋ ಇಟ್ಟಿಗೆಗಳನ್ನೇ ಬಳಸುವವರುಂಟು. ರಬ್ಬರ್ ಗಟ್ಟಿಯಾದ ಮೇಲೆ ತಿರುಗಿಸಿ, ಜೇಡಿ ತೆಗೆದು, ಅಂಟದಂತೆ ಮೇಣದಂತಹ ಲೇಪ ಹಚ್ಚಿ, ಇನ್ನೊಂದು ಪಕ್ಕಕ್ಕೂ ರಬ್ಬರ್ ಸುರಿದರೆ ಅಚ್ಚು ಸಿದ್ಧ. ಆಮೇಲೆ ಎರಡು ದ್ರವಗಳನ್ನು ಅಳೆದು ಬೆರೆಸಬೇಕು. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಬಿಸಿಯಾಗಿ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಅಚ್ಚಿನ ಮೂಲೆಮೂಲೆಗೂ ಹೊಯ್ದಾಗಬೇಕು. ಇದೇ ಪಾಲಿಯುರೇಥೇನ್ ರೆಸಿನ್. ರಬ್ಬರ್ ಅಚ್ಚು ಕೆಲವು ಹತ್ತಾರು ಬಾರಿ ತಾಳುತ್ತದೆ, ಆಮೇಲೆ ಹರಿಯುತ್ತದೆ. ಹಾಗಾಗಿ ಮೇಜಿನ ಮೇಲೆ ಇಟ್ಟಿರುವ ಪೆಟ್ಟಿಗೆಗಳು ಲಕ್ಷವಲ್ಲ, ಸಾವಿರವೂ ಅಲ್ಲ. ಬೆಲೆ ಏಕೆ ಅಷ್ಟು ಎಂದು ಕೇಳುವವರು ಇದನ್ನು ನೆನಪಿಡಬೇಕು.

ಕೊಂಡು ತಂದವರ ಕೆಲಸ ಇನ್ನು ಮೇಲೆ ಆರಂಭ. ಮೊದಲ ಕೆಲಸ ಯಾರಿಗೂ ಇಷ್ಟವಿಲ್ಲದ್ದು: ತೊಳೆಯುವುದು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚಿದ ಲೇಪ ತುಂಡುಗಳ ಮೇಲೆ ಕಣ್ಣಿಗೆ ಕಾಣದಂತೆ ಅಂಟಿಕೊಂಡಿರುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಇಷ್ಟು ಸಾಕು. ಲೇಪ ಹೆಚ್ಚು ಹಿಡಿದಿದ್ದರೆ ಅದಕ್ಕೆಂದೇ ಮಾರುವ ದ್ರವದಲ್ಲಿ ನೆನೆಹಾಕಬೇಕಾಗುತ್ತದೆ. ತೊಳೆಯದೆ ಬಣ್ಣ ಹಚ್ಚಿದರೂ ಆ ದಿನ ಏನೂ ತಿಳಿಯುವುದಿಲ್ಲ. ಬಣ್ಣ ಚೆನ್ನಾಗಿಯೇ ಕೂರುತ್ತದೆ. ಮುಂದೆ ಎಂದೋ ಒಂದು ದಿನ ಅಂಚಿಗೆ ಉಗುರು ತಾಗಿದಾಗ ಸಿಪ್ಪೆ ಸುಲಿದಂತೆ ಎದ್ದು ಬರುತ್ತದೆ. ಅಷ್ಟರಲ್ಲಿ ಮೇಲಿನ ಎಲ್ಲ ದುಡಿಮೆಯೂ ಮುಗಿದಿರುತ್ತದೆ.

ತೊಳೆದ ಮೇಲೆ ಎಣಿಸಬೇಕು. ಪಟ್ಟಿಯಲ್ಲಿರುವ ಭಾಗಗಳೆಲ್ಲ ಇವೆಯೇ ನೋಡಬೇಕು. ರೆಸಿನ್ ಹೊಯ್ದ ದ್ವಾರದ ಹೆಚ್ಚುವರಿ ಮೊಳಕೆಗಳನ್ನು ಗರಗಸದಿಂದ ಕತ್ತರಿಸಬೇಕು. ಅಚ್ಚಿನ ಎರಡು ಭಾಗ ಸೇರಿದ ಕಡೆ ಒಂದು ಸಣ್ಣ ಗೆರೆ ಉಳಿದಿರುತ್ತದೆ, ಅದನ್ನು ಅಳಿಸಬೇಕು. ಗಾಳಿಗುಳ್ಳೆಗಳು ಬಿಟ್ಟ ಸೂಜಿಮೊನೆಯಷ್ಟು ತೂತುಗಳನ್ನು ಪುಟ್ಟಿಯಿಂದ ತುಂಬಬೇಕು. ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಿದರೆ ರೋಬೋಟಿನ ಚೂಪಾದ ಅಂಚುಗಳು ದುಂಡಾಗಿ, ಚೀಪಿದ ಪೆಪ್ಪರಮೆಂಟಿನಂತೆ ಆಗುತ್ತವೆ. ಕಾಗದವನ್ನು ಸಪಾಟಾದ ಮರದ ತುಂಡಿಗೆ ಅಂಟಿಸಿ ಉಜ್ಜಬೇಕು. ಮೂಲ ಮಾದರಿ ಮಾಡಿದವರು ತಿಂಗಳುಗಟ್ಟಲೆ ದುಡಿದು ಆ ಅಂಚನ್ನು ನೆಟ್ಟಗೆ ತಂದಿದ್ದಾರೆ. ಅದನ್ನು ನಾವು ಹತ್ತು ನಿಮಿಷದ ಅವಸರದಲ್ಲಿ ಕಳೆಯುವುದು ನ್ಯಾಯವೇ?

ಕೆಲವು ತುಂಡುಗಳು ಬಾಗಿರುತ್ತವೆ. ಉದ್ದನೆಯ ಕತ್ತಿ, ತೆಳುವಾದ ಕವಚ, ಇಂಥವು. ಕೆಟ್ಟುಹೋಯಿತೆಂದು ಎಸೆಯಬೇಕಾಗಿಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ರೆಸಿನ್ ಮೆತ್ತಗಾಗುತ್ತದೆ. ಮೆಲ್ಲನೆ ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಹಾಕಿದರೆ ಆ ರೂಪದಲ್ಲಿಯೇ ನಿಲ್ಲುತ್ತದೆ. ತಣ್ಣಗಿರುವಾಗಲೇ ಬಲವಂತ ಮಾಡಿದರೆ ಮುರಿಯುತ್ತದೆ.

ಇನ್ನು ಜೋಡಣೆ. ಪ್ಲಾಸ್ಟಿಕ್ ಕಿಟ್‌ಗೆ ಬಳಸುವ ಸಿಮೆಂಟು ಇಲ್ಲಿ ಕೆಲಸಕ್ಕೆ ಬಾರದು. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ರೆಸಿನ್ ಅದಕ್ಕೆ ಕರಗುವುದಿಲ್ಲ. ಸೂಪರ್ ಗ್ಲೂ ಅಥವಾ ಎರಡು ದ್ರವ ಬೆರೆಸುವ ಎಪಾಕ್ಸಿ ಅಂಟು ಬೇಕು. ಅಂಟು ಮಾತ್ರ ಸಾಲದು. ಒಳಗೆ ಲೋಹದ ಸರಳು ಇರಬೇಕು. ಏಕೆಂದರೆ ರೆಸಿನ್ ತುಂಡುಗಳು ಒಳಗೆಲ್ಲ ಗಟ್ಟಿ, ತೂಕ ಹೆಚ್ಚು. 1986ರಲ್ಲಿ ಆರಂಭವಾದ ನಾಗಾನೊ ಮಾಮೊರು ಅವರ 'ದಿ ಫೈವ್ ಸ್ಟಾರ್ ಸ್ಟೋರೀಸ್' ಎಂಬ ಚಿತ್ರಕಥೆಯ ರೋಬೋಟುಗಳನ್ನೇ ನೋಡಿ. ಕ್ಯೋಟೋದ ವೋಕ್ಸ್ ಮತ್ತು ವೇವ್ ಎಂಬ ಸಂಸ್ಥೆಗಳು ಇವನ್ನು ರೆಸಿನ್ ಕಿಟ್‌ಗಳಾಗಿ ತಂದು ಹೆಸರು ಮಾಡಿದವು. ಭುಜದ ಮೇಲೆ ಅಗಲವಾದ ಭಾರೀ ಕವಚ, ಕೆಳಗೆ ಕೊಕ್ಕರೆಯಂತೆ ಸಣಕಲು ಕಾಲು! ಅಷ್ಟು ಭಾರವನ್ನು ಆ ಕಣಕಾಲು ಹೊರಬೇಕು. ಆದ್ದರಿಂದ ಎರಡೂ ತುಂಡುಗಳಿಗೆ ಕೈ ಡ್ರಿಲ್‌ನಿಂದ ಎದುರುಬದುರಾಗಿ ತೂತು ಕೊರೆದು, ಒಂದೆರಡು ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳನ್ನು ಒಳಗೆ ಇಳಿಸುತ್ತಾರೆ. ತೂತು ಎಳ್ಳಿನಷ್ಟು ಓರೆಯಾದರೂ ಮೇಲಿನ ದೇಹ ಅಂಗೈಯಷ್ಟು ವಾಲುತ್ತದೆ. ಜೋಡಿಸಿದ ಮೇಲೆ ಆ ಸರಳನ್ನು ಯಾರೂ ನೋಡುವುದಿಲ್ಲ. ಬೇಸಿಗೆಯ ಬಿಸಿಗೆ ರೆಸಿನ್ ಸಡಿಲಗೊಂಡು ಬಾಗತೊಡಗಿದಾಗ ರೋಬೋಟನ್ನು ನಿಲ್ಲಿಸಿ ಹಿಡಿಯುವುದು ಅದೊಂದೇ.

ಪ್ರಿಯರೇ, ಈ ಕೆಲಸದಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವುದು ಪ್ರೈಮರ್. ಸಾಮಾನ್ಯ ಬಣ್ಣ ರೆಸಿನ್‌ಗೆ ನೇರವಾಗಿ ಹಿಡಿಯುವುದಿಲ್ಲ. ನಡುವೆ ಹಿಡಿದುಕೊಳ್ಳುವ ಲೇಪವೊಂದು ಬೇಕು. ಹೆಚ್ಚಾಗಿ ಅದು ಬೂದು ಬಣ್ಣದ್ದು. ನಮ್ಮ ದೇವಾಲಯಗಳ ಹಳೆಯ ಮರದ ಸ್ವರೂಪಗಳ ವಿಷಯ ಬಲ್ಲವರಿಗೆ ಇದು ಹೊಸತೇನಲ್ಲ. ಯೂರೋಪಿನ ಕುಶಲಕರ್ಮಿಗಳು ಮರಕ್ಕೆ ನೇರವಾಗಿ ಬಣ್ಣ ಹಚ್ಚುತ್ತಿರಲಿಲ್ಲ. ಸೀಮೆಸುಣ್ಣವನ್ನೋ ಜಿಪ್ಸಮನ್ನೋ ವಜ್ರದಲ್ಲಿ ಕಲಸಿ ಬಿಳಿಯ ಲೇಪ ಕೊಟ್ಟು, ಉಜ್ಜಿ ನಯಮಾಡಿ, ಅದರ ಮೇಲೆ ಬಣ್ಣ ಮತ್ತು ಚಿನ್ನದ ರೇಕು ಹಾಕುತ್ತಿದ್ದರು. ಗೋದಲಿಯ ಪುಟ್ಟ ಕುರಿಗೂ ಅದೇ ಕ್ರಮ.

ಪ್ರೈಮರ್ ಹಿಡಿತ ಕೊಡುವುದಷ್ಟೇ ಅಲ್ಲ, ಬಯಲಿಗೂ ಎಳೆಯುತ್ತದೆ. ದಂತದ ಬಣ್ಣದ ರೆಸಿನ್ ಸ್ವಲ್ಪ ಮಟ್ಟಿಗೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಅದರ ಮೇಲಿನ ಗೀರು, ಗುಳಿ, ಅಳಿಸದ ಗೆರೆ ಕಣ್ಣಿಗೆ ಬೀಳುವುದಿಲ್ಲ. ಎಲ್ಲವೂ ನಯವಾಗಿದೆ ಎಂದು ತೋರುತ್ತದೆ. ಬೂದು ಲೇಪ ಬಿದ್ದೊಡನೆ ಅಡಗಿದ್ದದ್ದೆಲ್ಲ ಎದ್ದು ಕಾಣುತ್ತದೆ! ಅನುಭವವಿಲ್ಲದವರು ಆಗ ಎದೆಗುಂದುತ್ತಾರೆ. ಬಲ್ಲವರು ಮತ್ತೆ ಸ್ಯಾಂಡ್‌ಪೇಪರ್ ಎತ್ತಿಕೊಳ್ಳುತ್ತಾರೆ: 400ನೇ ನಂಬರ್, 600ನೇ ನಂಬರ್, ಪುನಃ ಪ್ರೈಮರ್, ಪುನಃ ನೋಡುವುದು. ಎರಡು ಬಾರಿ, ಮೂರು ಬಾರಿ. ಮೇಲೆ ಬಣ್ಣ ಬರುತ್ತದಲ್ಲ, ಮುಚ್ಚಿಹೋಗುತ್ತದೆ ಎಂಬ ಯೋಚನೆ ಇಲ್ಲಿ ಬರುವುದು ಸಹಜ. ಬಣ್ಣ ಮುಚ್ಚುವುದಿಲ್ಲ. ಹೊಳಪಿನ ಬಣ್ಣವಂತೂ ಗೀರನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ನಾಗಾನೊ ಅವರ ಕಥೆಯಲ್ಲಿ 'ನೈಟ್ ಆಫ್ ಗೋಲ್ಡ್' ಎಂಬ ರೋಬೋಟಿದೆ. ಹೆಸರೇ ಹೇಳುವಂತೆ ಮೈಯೆಲ್ಲ ಚಿನ್ನದ ಬಣ್ಣ. ಚಿನ್ನದ ಬಣ್ಣ ಬರಬೇಕಾದರೆ ಕೆಳಗೆ ಕನ್ನಡಿಯಂತೆ ಹೊಳೆಯುವ ಕಪ್ಪನ್ನು ಹಚ್ಚುತ್ತಾರೆ, ಆಮೇಲೆ ಚಿನ್ನದ ಬಣ್ಣವನ್ನು ಏರ್‌ಬ್ರಷ್‌ನಿಂದ ಮಂಜಿನಂತೆ ತೆಳ್ಳಗೆ ಬಿಡುತ್ತಾರೆ. ಕಪ್ಪಿನಲ್ಲಿ ಒಂದು ಧೂಳಿನ ಕಣ ಕುಳಿತಿದ್ದರೆ ಚಿನ್ನದಲ್ಲಿ ಅದು ಮೊಡವೆಯಾಗಿ ಕಾಣುತ್ತದೆ. ಇದರ ಪೂರ್ತಿ ಬೆಡಗು ನಿಂತಿರುವುದು ಚಿನ್ನದ ಮೇಲಲ್ಲ, ಕಪ್ಪಿಗೂ ಮೊದಲು ಉಜ್ಜಿದ ಕೈಗಳ ಮೇಲೆ.

ಉಳಿದ ಬಣ್ಣಗಾರಿಕೆಯನ್ನು ಬೇಗ ಹೇಳಿ ಮುಗಿಸಬಹುದು. ಕೆಂಪು, ಹಳದಿ ಬಣ್ಣಗಳಿಗೆ ಮುಚ್ಚುವ ಶಕ್ತಿ ಕಡಿಮೆ, ಕೆಳಗೆ ಬಿಳಿಯೋ ನಸುಗೆಂಪೋ ಬೇಕು. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಬಿಟ್ಟರೆ ಮೇಲೆ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಕವಚದ ಸಂದುಗಳಲ್ಲಿ ಕಪ್ಪು ಗೆರೆ ಬರಲು ನೀರಾಗಿ ಮಾಡಿದ ಎನಾಮೆಲ್ ಬಣ್ಣ ಹರಿಯಬಿಟ್ಟು, ಹೆಚ್ಚಾದುದನ್ನು ಎನಾಮೆಲ್ ಥಿನ್ನರ್‌ನಿಂದ ಒರೆಸುತ್ತಾರೆ. ಕೆಳಗಿನ ಲ್ಯಾಕರ್ ಬಣ್ಣ ಆ ಥಿನ್ನರ್‌ಗೆ ಕರಗದು. ಕೊನೆಗೆ ಬೇಕಾದ ಕಡೆ ಹೊಳಪು ಕಡಿಮೆ ಮಾಡುವ ಪಾರದರ್ಶಕ ಲೇಪ.

ಈಗ ಸ್ವಲ್ಪ ಕಠಿಣವಾದ ಮಾತನ್ನು ಆಡಲೇಬೇಕು. ಯಾರಾದರೂ ಒಂದು ಕಿಟ್ ಕೊಂಡು, ಅದರ ತುಂಡುಗಳಿಂದಲೇ ಹೊಸ ರಬ್ಬರ್ ಅಚ್ಚು ತೆಗೆದು, ನೂರಾರು ನಕಲುಗಳನ್ನು ಹೊಯ್ದು ಅಗ್ಗದ ಬೆಲೆಗೆ ಮಾರಬಹುದು. ಮಾರುತ್ತಿದ್ದಾರೆ ಕೂಡ. ಇವನ್ನು ರೀಕಾಸ್ಟ್ ಎನ್ನುತ್ತಾರೆ. "ಅದೇ ರೋಬೋಟ್, ಕಾಲು ಭಾಗದ ಬೆಲೆ. ಕೊಂಡರೆ ಏನಾಯಿತು? ದೊಡ್ಡ ಕಂಪನಿಗಳಿಗೇನು ನಷ್ಟ?" ಎಂದು ಕೇಳುವ ಯುವಜನರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ಗದರಿಕೆ ಉತ್ತರವಲ್ಲ.

ಮೊದಲನೆಯದಾಗಿ, ಅದು ಅದೇ ರೋಬೋಟ್ ಅಲ್ಲ. ಎರಕ ಹೊಯ್ದಾಗ ರೆಸಿನ್ ಸ್ವಲ್ಪ ಕುಗ್ಗುತ್ತದೆ, ನಕಲಿನ ನಕಲು ಇನ್ನೂ ಕುಗ್ಗುತ್ತದೆ. ಅಂಚುಗಳು ಮೊಂಡಾಗುತ್ತವೆ, ಸಂದುಗಳು ತುಂಬಿಕೊಳ್ಳುತ್ತವೆ, ಭುಜ ತೋಳಿಗೆ ಸರಿಯಾಗಿ ಕೂರುವುದಿಲ್ಲ. ಆದರೆ ನಾವು ಇದನ್ನು ಮುಖ್ಯ ಕಾರಣವೆಂದು ಹೇಳುವುದಿಲ್ಲ. ನಕಲು ಮಾಡುವವರು ನಾಳೆ ಇನ್ನೂ ಚೆನ್ನಾಗಿ ಮಾಡಬಹುದು. ಆಗ ಕೊಳ್ಳುವುದು ಸರಿಯಾಗಿಬಿಡುತ್ತದೆಯೇ?

ಮುಖ್ಯ ಕಾರಣ ಬೇರೆ. ಇಲ್ಲಿ ನಷ್ಟವಾಗುವುದು ಯಾವಾಗಲೂ ದೊಡ್ಡ ಕಂಪನಿಗಲ್ಲ. ಬಹಳ ಸಲ ಅದು ಒಬ್ಬಂಟಿ ವ್ಯಕ್ತಿ, ಮೂವತ್ತು ಪೆಟ್ಟಿಗೆ ಹೊತ್ತುಕೊಂಡು ಬಂದವನು ಅಥವಾ ಬಂದವಳು. ವಂಡರ್ ಫೆಸ್ಟಿವಲಿನಲ್ಲಿ 'ಒಂದು ದಿನದ ಹಕ್ಕು' ಎಂಬ ಪದ್ಧತಿ ಇದೆ. ರೋಬೋಟಿನ ಕಲ್ಪನೆ ಬೇರೊಬ್ಬರದು ಎಂಬುದನ್ನು ಆ ಹವ್ಯಾಸಿಗಳು ಮರೆಯುವುದಿಲ್ಲ. ತಿಂಗಳುಗಳ ಮೊದಲೇ ಅರ್ಜಿ ಹಾಕಿ, ತಾವು ಮಾಡಿದ ಮಾದರಿಯ ಚಿತ್ರ ತೋರಿಸಿ, ಹಕ್ಕುದಾರರ ಅನುಮತಿ ಪಡೆದು, ಗೌರವಧನ ಕೊಟ್ಟು ಮಾರುತ್ತಾರೆ. ಅನುಮತಿ ಸಿಗದಿದ್ದರೆ ಎಷ್ಟೇ ಚೆನ್ನಾಗಿ ಮಾಡಿದ್ದರೂ ಆ ಮಾದರಿ ಮಾರಾಟಕ್ಕೆ ಬರುವುದಿಲ್ಲ. ಸಿಕ್ಕಿದರೂ ಆ ದಿನ, ಆ ಸ್ಥಳದಲ್ಲಿ ಮಾತ್ರ. ಸಂಜೆ ಬಾಗಿಲು ಮುಚ್ಚಿದ ಮೇಲೆ ಉಳಿದ ಪೆಟ್ಟಿಗೆಗಳನ್ನು ಮನೆಗೆ ಒಯ್ಯಬೇಕು, ಮರುದಿನ ಮಾರುವಂತಿಲ್ಲ. ಹೀಗೆ ನಿಯಮ ಪಾಲಿಸಿ ಕುಳಿತವರ ತಿಂಗಳುಗಳ ದುಡಿಮೆಯನ್ನು ಇನ್ನೊಬ್ಬ ಒಂದು ವಾರದಲ್ಲಿ ರಬ್ಬರಿನೊಳಗೆ ಇಳಿಸಿ, ಯಾರನ್ನೂ ಕೇಳದೆ ಮಾರುತ್ತಾನೆ. ಅವನಿಂದ ಕೊಂಡ ತುಂಡನ್ನು ಎಷ್ಟೇ ನಯವಾಗಿ ಉಜ್ಜಿದರೂ, ಯಾವ ಚಿನ್ನ ಹಚ್ಚಿದರೂ, ಕೆಳಗಿರುವುದು ಕೂಲಿ ಸಿಗದ ಒಬ್ಬರ ದುಡಿಮೆ. ಹಣ ಸಾಲದಿದ್ದರೆ ಕಾಯಬಹುದು. ಅಥವಾ ಅಗ್ಗದ ಪ್ಲಾಸ್ಟಿಕ್ ಕಿಟ್ ಒಂದನ್ನು ಪ್ರಾಮಾಣಿಕವಾಗಿ ಕೊಂಡು ಅದರಲ್ಲಿಯೇ ಕೈ ಪಳಗಿಸಿಕೊಳ್ಳಬಹುದು. ಕೈಗೆ ಅದೇನೂ ಕೀಳಲ್ಲ.

ಹೆತ್ತವರಿಗೆ ಇನ್ನೊಂದು ಮಾತು. ಇದು ಹಣದ ವಿಷಯವಲ್ಲ, ಉಸಿರಿನದು. ರೆಸಿನ್ ಉಜ್ಜಿದಾಗ ಏಳುವ ಧೂಳು ಬಲು ನುಣುಪು. ಗಾಳಿಯಲ್ಲಿ ತೇಲುತ್ತ ಇರುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಒಣದಾಗಿ ಉಜ್ಜಬಾರದು. ನೀರಿನಲ್ಲಿ ಅದ್ದಿದ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು, ಎನ್-95 ಮಾಸ್ಕ್ ಹಾಕಬೇಕು. ಬಣ್ಣದ ಥಿನ್ನರ್‌ನ ಆವಿಗೆ ಆ ಮಾಸ್ಕ್ ಸಾಲದು. ಕಿಟಕಿ ತೆರೆದು, ಆವಿಯನ್ನು ಹೊರಗೆಳೆಯುವ ಫ್ಯಾನ್ ಇಟ್ಟು, ಆವಿಗೆಂದೇ ಇರುವ ಫಿಲ್ಟರಿನ ಮಾಸ್ಕ್ ಬಳಸಬೇಕು. ಥಿನ್ನರ್ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುತ್ತದೆ, ಹಾಗಾಗಿ ಅಡುಗೆಮನೆಯಲ್ಲಾಗಲಿ ಉರಿಯುವ ಮೇಣದಬತ್ತಿಯ ಹತ್ತಿರವಾಗಲಿ ಈ ಕೆಲಸ ಬೇಡ. ರೆಸಿನನ್ನು ತಾವೇ ಹೊಯ್ಯಲು ಹೊರಡುವವರು ಇನ್ನೂ ಎಚ್ಚರವಾಗಿರಬೇಕು. ಆ ಎರಡು ದ್ರವಗಳಲ್ಲಿ ಒಂದರಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಒಮ್ಮೆ ಅದು ಮೈಗೆ ಒಗ್ಗದೆ ಹೋದರೆ ಉಬ್ಬಸ ತರಿಸುತ್ತದೆ, ಮುಂದೆ ಸ್ವಲ್ಪ ಸೋಕಿದರೂ ಮರುಕಳಿಸುತ್ತದೆ. ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಅಣ್ಣ ಉಜ್ಜುತ್ತ ಕುಳಿತ ಕೋಣೆಯಲ್ಲಿ ತಂಗಿ ಮಲಗಿರಬಹುದು, ಪಕ್ಕದಲ್ಲಿ ಉಬ್ಬಸದ ಅಜ್ಜಿ ಇರಬಹುದು. ಆದ್ದರಿಂದ ಮನೆಯಲ್ಲಿ ಇದಕ್ಕೊಂದು ಬೇರೆ ಜಾಗ ಮಾಡಿಕೊಡಿ. ಜಗಲಿಯ ಮೂಲೆ, ತಾರಸಿಯ ಮೇಲಿನ ನೆರಳು, ಯಾವುದಾದರೂ ಆದೀತು. ಒಂದು ಬಕೆಟ್ ನೀರು, ಒಂದು ಹಳೆಯ ಟವೆಲು, ಮೇಲೆ ಒಳ್ಳೆಯ ಬೆಳಕು. ಕೆಲಸ ಮುಗಿದ ಮೇಲೆ ಆ ನೀರನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಚೆಲ್ಲಬೇಡಿ. ಕೆಸರು ಅಡಿಗೆ ಇಳಿಯಲು ಬಿಟ್ಟು, ಮೇಲಿನ ನೀರು ಬಸಿದು, ಕೆಳಗುಳಿದದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಬಣ್ಣ ಹಚ್ಚಿದ ತುಂಡುಗಳ ಮೇಲೆ ಧೂಳು ಕೂರದಂತೆ ಒಂದು ರಟ್ಟಿನ ಡಬ್ಬ ಮುಚ್ಚಿ, ಮರುದಿನದವರೆಗೆ ಯಾರೂ ಮುಟ್ಟದಂತೆ ಮೇಲೆತ್ತಿ ಇಡಿ.